ಜೇವಾಕಿಂಗ್ ಎಂಬ ಆರೋಪ: ಮಂಜೇಶ್ವರ ತಾಲೂಕಿನಲ್ಲಿ ರಸ್ತೆ ದಾಟುವ ಒಂದು ಜಾಗದ ಪ್ರಕರಣ

ರಾಷ್ಟ್ರೀಯ ಹೆದ್ದಾರಿ 66ರ ತಲಪಾಡಿ–ಚೆಂಗಳ ಭಾಗ ಆರು ಪಥಗಳಾಗಿ ಅಗಲವಾದ ಮೇಲೆ ಮಂಜೇಶ್ವರ ತಾಲೂಕಿನ ಒಂದು ಊರಿನ ಬಸ್ ತಂಗುದಾಣದ ಗೋಡೆಗೆ ಎರಡು ಭಾಷೆಗಳ ಸೂಚನಾಪತ್ರವೊಂದು ಅಂಟಿಕೊಂಡಿತು. ಮಲಯಾಳದಲ್ಲೂ ಕನ್ನಡದಲ್ಲೂ ಒಂದೇ ಮಾತು: ಈ ಸ್ಥಳದಲ್ಲಿ ಜೇವಾಕಿಂಗ್ ನಿಷೇಧಿಸಲಾಗಿದೆ, ತಪ್ಪಿದಲ್ಲಿ ಕ್ರಮ ಕೈಗೊಳ್ಳಲಾಗುವುದು. ಜೇವಾಕಿಂಗ್ ಎಂದರೆ ಗೊತ್ತುಮಾಡಿದ ಜಾಗ ಬಿಟ್ಟು ಬೇರೆಡೆ ರಸ್ತೆ ದಾಟುವುದು. ಮುಂದಿನ ತಿಂಗಳುಗಳಲ್ಲಿ ಊರಿನವರು ಆ ಪದವನ್ನು ಹೇಗೆ ಎದುರಿಸಿದರು, ತಮ್ಮ ಅರ್ಜಿಯಲ್ಲಿ ಅದರ ಜಾಗಕ್ಕೆ ಏನನ್ನು ತಂದರು, ತಂದದ್ದರಿಂದ ಏನಾಯಿತು ಎಂಬುದು ಈ ಬರಹದ ವಿಷಯ. ಊರಿನ ಹೆಸರನ್ನೂ ಜನರ ಹೆಸರುಗಳನ್ನೂ ಬಿಟ್ಟಿದ್ದೇನೆ, ಏಕೆಂದರೆ ಇದಕ್ಕೆ ಸಂಬಂಧಿಸಿದ ಒಂದು ಪರಿಹಾರದ ದಾವೆ ಇನ್ನೂ ಮುಗಿದಿಲ್ಲ. ಅರ್ಜಿಯ ಕನ್ನಡ ಪ್ರತಿಯನ್ನು ಬರೆದವನು ನಾನೇ. ಆದ್ದರಿಂದ ಇದು ದೂರದಲ್ಲಿ ನಿಂತು ನೋಡಿದವನ ವರದಿಯಲ್ಲ. ಊರಿನ ಪಕ್ಷ ವಹಿಸಿದವನ ದಾಖಲೆ.

ಜಾಗ ಮತ್ತು ಜನ

ಕಾಸರಗೋಡಿನ ಉತ್ತರ ಭಾಗದಲ್ಲಿ ಕರಾವಳಿಯ ಪಟ್ಟಿ ಬಹಳ ಕಿರಿದು. ಪಡುವಣಕ್ಕೆ ಸಮುದ್ರ, ಸ್ವಲ್ಪ ಮೇಲೆ ರೈಲು ಹಳಿ, ಅದರ ಮೂಡಣಕ್ಕೆ ಹೆದ್ದಾರಿ, ಆಚೆ ಗುಡ್ಡೆ. ಊರೆಂದರೆ ಈ ಗೆರೆಗಳ ನಡುವೆ ಹಂಚಿಹೋದ ಮನೆಗಳು. ನಮ್ಮ ಪ್ರಕರಣದ ಊರಿನಲ್ಲಿ ಶಾಲೆಯೂ ಭಜನಾ ಮಂದಿರವೂ ಮೀನು ಮಾರುವ ಕಟ್ಟೆಯೂ ಪಶ್ಚಿಮದಲ್ಲಿವೆ. ರೇಷನ್ ಅಂಗಡಿ, ಬೀಡಿ ಬ್ರಾಂಚ್, ಮಸೀದಿ, ಮದ್ರಸ ಮತ್ತು ದೈವಸ್ಥಾನ ಪೂರ್ವದಲ್ಲಿವೆ. ಗುಡ್ಡೆಯಿಂದ ಇಳಿಯುವ ಒಂದು ಕಾಲುದಾರಿ ಗದ್ದೆಯ ಬದುವಿನ ಮೇಲೆ ಬಂದು, ಹೆದ್ದಾರಿಯನ್ನು ದಾಟಿ, ಶಾಲೆಯ ಹಿಂಬದಿಯಿಂದ ಕಡಲತ್ತ ಹೋಗುತ್ತಿತ್ತು. ಎಷ್ಟು ಹಳೆಯ ದಾರಿ ಎಂದು ಹೇಳಬಲ್ಲವರು ಈಗ ಊರಿನಲ್ಲಿ ಯಾರೂ ಉಳಿದಿಲ್ಲ. ಹೆದ್ದಾರಿಗೆ 17 ಎಂಬ ಸಂಖ್ಯೆ ಇದ್ದ ಕಾಲದಲ್ಲಿ ಎರಡು ಪಥಗಳ ಡಾಂಬರು ರಸ್ತೆಯನ್ನು ಜನ ಅಲ್ಲೇ ದಾಟುತ್ತಿದ್ದರು. 2010ರಲ್ಲಿ ಸಂಖ್ಯೆ 66 ಆದ ಮೇಲೂ ಅಲ್ಲೇ ದಾಟಿದರು.

ಆರು ಪಥಗಳ ಕೆಲಸ ಬಂದಾಗ ಅಳತೆಯೇ ಬದಲಾಯಿತು. ಕೇರಳದಲ್ಲಿ ಈ ಹೆದ್ದಾರಿಗೆ ತೆಗೆದುಕೊಂಡಿರುವ ಜಾಗದ ಅಗಲ 45 ಮೀಟರ್. ನಡುವಿನ ಆರು ಪಥಗಳ ಇಕ್ಕೆಲದಲ್ಲಿ ತಡೆಗೋಡೆ, ಅದರಾಚೆ ಸರ್ವೀಸ್ ರಸ್ತೆ, ಕೊನೆಗೆ ಚರಂಡಿ. ಕಾಲುದಾರಿ ಒಂದು ತಡೆಗೋಡೆಗೆ ಬಂದು ನಿಂತಿತು, ಇನ್ನೊಂದರಾಚೆ ಮತ್ತೆ ಶುರುವಾಯಿತು. ವಾಹನಗಳಿಗೆಂದು ಕಟ್ಟಿದ ಅಂಡರ್‌ಪಾಸ್ ದಕ್ಷಿಣಕ್ಕೆ ಸುಮಾರು ಒಂದೂವರೆ ಕಿಲೋಮೀಟರ್ ದೂರದಲ್ಲಿದೆ. ಎದುರಿಗೆ ಕಾಣುವ ರೇಷನ್ ಅಂಗಡಿಗೆ ಹೋಗಲು ಮೂರು ಕಿಲೋಮೀಟರ್, ಅಕ್ಕಿ ಹೊತ್ತು ಮರಳಲು ಇನ್ನೊಂದು ಮೂರು ಕಿಲೋಮೀಟರ್. ಆ ಸುತ್ತು ನಡೆಯಬೇಕಾದದ್ದು ಸರ್ವೀಸ್ ರಸ್ತೆಯಲ್ಲಿ. ಅಲ್ಲಿ ನಡೆಯುವವರಿಗೆ ಪ್ರತ್ಯೇಕ ಜಾಗವಿಲ್ಲ, ಚರಂಡಿಯ ಮುಚ್ಚಳದ ಕಲ್ಲುಗಳೇ ಕಾಲುಹಾದಿ. ಸುತ್ತು ತಪ್ಪಿಸಲು ವಿರುದ್ಧ ದಿಕ್ಕಿನಲ್ಲಿ ಬರುವ ಸ್ಕೂಟರುಗಳೂ ಅಲ್ಲೇ ಓಡಾಡುತ್ತವೆ.

ತಡೆಗೋಡೆಯ ಒಂದು ಕಡೆ ಕೆಲಸ ಮುಗಿಯದೆ ಉಳಿದ ಕಿಂಡಿಯೊಂದಿತ್ತು. ಜನ ಆ ಕಿಂಡಿಯಲ್ಲಿ ನುಸುಳಿ, ನಡುವಿನ ವಿಭಜಕವನ್ನು ಹತ್ತಿ ಇಳಿದು, ಆಚೆ ಬದಿಯ ಗೋಡೆಯನ್ನು ದಾಟತೊಡಗಿದರು. ಸೂಚನಾಪತ್ರ ಬಂದದ್ದು ಇದಕ್ಕಾಗಿ.

ಇಲ್ಲಿ ಬಸ್ಸಿನ ಲೆಕ್ಕವೊಂದನ್ನು ಹೇಳಲೇಬೇಕು, ಏಕೆಂದರೆ ಹೊರಗಿನಿಂದ ಬಂದವರಿಗೆ ಅದು ಹೊಳೆಯುವುದಿಲ್ಲ. ನಮ್ಮಲ್ಲಿ ವಾಹನಗಳು ಎಡಬದಿಯಲ್ಲಿ ಹೋಗುತ್ತವೆ. ಹಾಗಾಗಿ ಕಾಸರಗೋಡಿನ ಕಡೆಗೆ ಹೋಗುವ ಬಸ್ಸು ಪೂರ್ವದ ಬದಿಯಲ್ಲಿ, ಮಂಗಳೂರಿನ ಕಡೆಗೆ ಹೋಗುವ ಬಸ್ಸು ಪಶ್ಚಿಮದ ಬದಿಯಲ್ಲಿ ನಿಲ್ಲುತ್ತದೆ. ಪಶ್ಚಿಮದಲ್ಲಿ ಮನೆಯಿರುವ ಹುಡುಗಿ ಮಂಗಳೂರಿನ ಕಾಲೇಜಿಗೆ ಹೋಗುವಾಗ ದಾಟಬೇಕಿಲ್ಲ, ಸಂಜೆ ಮರಳಿ ಇಳಿದಾಗ ದಾಟಬೇಕು. ಅವಳ ನೆರೆಮನೆಯವನು ಕಾಸರಗೋಡಿನ ಕಚೇರಿಗೆ ಹೋಗುವಾಗ ದಾಟಬೇಕು, ಬರುವಾಗ ಬೇಕಿಲ್ಲ. ಮನೆ ಯಾವ ಬದಿಯಲ್ಲೇ ಇರಲಿ, ಯಾವ ದಿಕ್ಕಿಗೇ ಹೋಗಲಿ, ಬಸ್ಸಿನಲ್ಲಿ ಹೋಗಿ ಬರುವ ಪ್ರತಿಯೊಬ್ಬರೂ ಒಮ್ಮೆ ಹೆದ್ದಾರಿಯನ್ನು ದಾಟಲೇಬೇಕು. ಇದರಿಂದ ತಪ್ಪಿಸಿಕೊಳ್ಳಲು ದಾರಿಯಿಲ್ಲ. ರಸ್ತೆ ದಾಟುವುದು ಅಶಿಸ್ತು ಎನ್ನುವುದಾದರೆ ಬಸ್ಸು ಹತ್ತುವುದೂ ಅಶಿಸ್ತೇ ಆಗುತ್ತದೆ.

ಪದ ಎಲ್ಲಿಂದ ಬಂತು

ಸೂಚನಾಪತ್ರವನ್ನು ಓದಿದ ಹೆಚ್ಚಿನವರಿಗೆ ಅದು ಅರ್ಥವಾಗಲಿಲ್ಲ. ನಮ್ಮ ಕಡೆ ವಾಕಿಂಗ್ ಎಂದರೆ ಸಕ್ಕರೆ ಕಾಯಿಲೆಯವರು ಬೆಳಿಗ್ಗೆ ಎದ್ದು ಮಾಡುವ ನಡಿಗೆ. ಬೀಡಿ ಕಟ್ಟುವ ಹಿರಿಯ ಹೆಂಗಸೊಬ್ಬರು ನನ್ನನ್ನು ತಡೆದು ನಿಲ್ಲಿಸಿ ಕೇಳಿದರು:

"ಮಾಸ್ಟ್ರೇ, ಇಲ್ಲಿ ವಾಕಿಂಗ್ ಮಾಡಬಾರದು ಎಂದು ಬರೆದಿದ್ದಾರಂತೆ. ನಾನು ವಾಕಿಂಗ್ ಮಾಡುವವಳಲ್ಲ, ಬ್ರಾಂಚಿಗೆ ಬೀಡಿ ಕೊಡಲು ಹೋಗುವವಳು. ನನಗೂ ಅದು ಅನ್ವಯಿಸುತ್ತದೆಯೇ?"

"ನಿಮಗೇ ಅನ್ವಯಿಸುತ್ತದೆ ಅಕ್ಕ, ನಿಮ್ಮಂಥವರಿಗಾಗಿಯೇ ಬರೆದದ್ದು" ಎಂದು ನಾನು ಹೇಳಬೇಕಾಯಿತು. ಅವರು ಸಿಟ್ಟಾಗಲಿಲ್ಲ. ಹಾಗಾದರೆ ಎಲ್ಲಿ ದಾಟಬೇಕು ಎಂದು ಮಾತ್ರ ಕೇಳಿದರು. ಸೂಚನಾಪತ್ರದಲ್ಲಿ ಅದಕ್ಕೆ ಉತ್ತರ ಇರಲಿಲ್ಲ.

ಈ ಪದದ ಹುಟ್ಟು ಅಮೆರಿಕದಲ್ಲಿ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಅಲ್ಲಿನ ಆಡುಮಾತಿನಲ್ಲಿ 'ಜೇ' ಎಂದರೆ ಪೇಟೆಯ ರೀತಿನೀತಿ ತಿಳಿಯದ ಹಳ್ಳಿಗ. ಮೊದಲು ಈ ಬೈಗುಳ ಬಿದ್ದದ್ದು ವಾಹನದವರ ಮೇಲೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ: ರಸ್ತೆಯ ತಪ್ಪು ಬದಿಯಲ್ಲಿ ಗಾಡಿ ಹೊಡೆಯುವವನನ್ನು 'ಜೇ ಡ್ರೈವರ್' ಎನ್ನುತ್ತಿದ್ದರು. ಬಳಿಕ ಅದು ನಡೆಯುವವರ ಮೇಲೆ ತಿರುಗಿತು. 1912ರಲ್ಲಿ ಕ್ಯಾನ್ಸಸ್ ಸಿಟಿ ನಗರ ಪಾದಚಾರಿಗಳು ಎಲ್ಲಿ ದಾಟಬೇಕೆಂದು ಕಟ್ಟಳೆ ಮಾಡಿತು. 1915ರಲ್ಲಿ ನ್ಯೂಯಾರ್ಕಿನ ಪೊಲೀಸ್ ಆಯುಕ್ತರು ಈ ಪದವನ್ನು ಬಳಸಿದಾಗ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅದು ಅವಮಾನಕರವಾದ ಪದವೆಂದು ಆಕ್ಷೇಪಿಸಿತ್ತು. ಆಗಿನ್ನೂ ರಸ್ತೆ ಎಲ್ಲರದ್ದಾಗಿತ್ತು. ಮಕ್ಕಳು ಅಲ್ಲಿ ಆಡುತ್ತಿದ್ದರು, ತಳ್ಳುಗಾಡಿಯವರು ನಿಲ್ಲುತ್ತಿದ್ದರು, ಕಾರೇ ಹೊರಗಿನಿಂದ ಬಂದದ್ದು.

ಆ ಗ್ರಹಿಕೆ ತಲೆಕೆಳಗಾದದ್ದು 1920ರ ದಶಕದಲ್ಲಿ. 1923ರಲ್ಲಿ ಸಿನ್ಸಿನಾಟಿ ನಗರದ 42,000 ಜನ ಒಂದು ಮನವಿಗೆ ಸಹಿ ಹಾಕಿದರು: ಕಾರುಗಳು ಗಂಟೆಗೆ 25 ಮೈಲಿಗಿಂತ ವೇಗವಾಗಿ ಹೋಗದಂತೆ ಎಂಜಿನ್ನಿಗೇ ಕಡಿವಾಣ ಹಾಕಬೇಕು. ಕಾರು ಮಾರುವವರು ಬೆಚ್ಚಿಬಿದ್ದರು. ಅವರ ದೊಡ್ಡ ಪ್ರಚಾರದ ಮುಂದೆ ಆ ಪ್ರಸ್ತಾವ ಮತದಾನದಲ್ಲಿ ಸೋತಿತು. ಅಲ್ಲಿಂದ ಮುಂದೆ ಕಾರು ಕ್ಲಬ್ಬುಗಳು ಅಪಘಾತದ ಹೊಣೆಯನ್ನು ನಡೆಯುವವರತ್ತ ತಿರುಗಿಸುವ ಕೆಲಸವನ್ನು ವ್ಯವಸ್ಥಿತವಾಗಿ ಮಾಡಿದವು. ಸ್ಕೌಟ್ ಹುಡುಗರ ಕೈಯಲ್ಲಿ ಎಚ್ಚರಿಕೆಯ ಚೀಟಿ ಹಂಚಿಸಿದರು, ಶಾಲೆಗಳಲ್ಲಿ ಪಾಠ ಮಾಡಿಸಿದರು. 1925ರಲ್ಲಿ ಲಾಸ್ ಏಂಜಲೀಸ್ ತಂದ ಸಂಚಾರ ಕಟ್ಟಳೆ ಬೇರೆ ನಗರಗಳಿಗೆ ಮಾದರಿಯಾಯಿತು. ಹತ್ತಿಪ್ಪತ್ತು ವರ್ಷಗಳಲ್ಲಿ ಬೈಗುಳವೊಂದು ಕಾನೂನಿನ ಪದವಾಗಿಬಿಟ್ಟಿತು.

ಜಗತ್ತೆಲ್ಲ ಇದನ್ನು ಒಪ್ಪಿಕೊಂಡಿಲ್ಲ. ಬ್ರಿಟನ್ನಿನಲ್ಲಿ ಮೋಟಾರು ಮಾರ್ಗಗಳನ್ನು ಬಿಟ್ಟರೆ ಜನ ತಮಗೆ ಬೇಕಾದಲ್ಲಿ ರಸ್ತೆ ದಾಟಬಹುದು. ಸಿಂಗಾಪುರದಲ್ಲಿ ದಾಟುಪಟ್ಟಿಯಿಂದ (ಜೀಬ್ರಾ ಕ್ರಾಸಿಂಗಿನಿಂದ) 50 ಮೀಟರಿನೊಳಗೆ ಬೇರೆಡೆ ದಾಟುವುದು ತಪ್ಪು, ಅಂದರೆ ಹತ್ತಿರದಲ್ಲಿ ದಾಟುಪಟ್ಟಿ ಇದ್ದಾಗ ಮಾತ್ರ ತಪ್ಪು. ಅಮೆರಿಕದಲ್ಲೇ ವರ್ಜೀನಿಯಾ 2021ರಲ್ಲಿ ನಿಯಮವನ್ನು ಸಡಿಲಿಸಿತು. ಕ್ಯಾಲಿಫೋರ್ನಿಯಾದಲ್ಲಿ 2023ರಿಂದ ಡಿಕ್ಕಿಯ ತಕ್ಷಣದ ಅಪಾಯ ಇದ್ದ ಹೊರತು ಪೊಲೀಸರು ಇದಕ್ಕಾಗಿ ಯಾರನ್ನೂ ತಡೆಯುವಂತಿಲ್ಲ. 2024ರಲ್ಲಿ ನ್ಯೂಯಾರ್ಕ್ ನಗರವೂ ಇದನ್ನು ತಪ್ಪುಗಳ ಪಟ್ಟಿಯಿಂದ ಕೈಬಿಟ್ಟಿತು. ದಂಡ ಬೀಳುತ್ತಿದ್ದದ್ದು ಬಹುಪಾಲು ಕಪ್ಪು ಜನರ ಮತ್ತು ಬಡವರ ಮೇಲೆ ಎಂಬ ದೂರು ಈ ಬದಲಾವಣೆಗಳ ಹಿಂದಿತ್ತು. ಹುಟ್ಟಿದ ನಾಡು ಕೈಬಿಡುತ್ತಿರುವ ಪದ ನಮ್ಮ ಬಸ್ ತಂಗುದಾಣದ ಗೋಡೆಗೆ ಬಂದದ್ದು ನನಗೆ ನೋವು ತಂದಿತು.

ನಮ್ಮ ಕಾನೂನು ಏನು ಹೇಳುತ್ತದೆ

1988ರ ಮೋಟಾರು ವಾಹನ ಕಾಯ್ದೆಯಲ್ಲಿ ಜೇವಾಕಿಂಗ್ ಎಂಬ ಅಪರಾಧವಿಲ್ಲ. ಆ ಕಾಯ್ದೆಯ ಬಹುಪಾಲು ಕಟ್ಟುಪಾಡುಗಳು ವಾಹನ ನಡೆಸುವವರ ಮೇಲಿವೆ. 2017ರ ಚಾಲನಾ ನಿಯಮಾವಳಿಯ ಪ್ರಕಾರ ಪಾದಚಾರಿಗಳು ದಾಟುವ ಜಾಗದಲ್ಲಿ ಚಾಲಕ ವೇಗ ತಗ್ಗಿಸಿ, ನಿಂತು, ದಾರಿ ಬಿಡಬೇಕು. 2019ರ ತಿದ್ದುಪಡಿಯಲ್ಲಿ ಸೇರಿದ 138(1ಎ) ಎಂಬ ಉಪವಿಧಿ ರಾಜ್ಯ ಸರ್ಕಾರಗಳಿಗೆ ಒಂದು ಅಧಿಕಾರ ಕೊಟ್ಟಿತು: ಪಾದಚಾರಿಗಳು ಮತ್ತು ಯಂತ್ರವಿಲ್ಲದ ವಾಹನಗಳು ರಸ್ತೆ, ಹೆದ್ದಾರಿಗಳಲ್ಲಿ ನಡೆಸುವ ಚಟುವಟಿಕೆ ಮತ್ತು ಅವರ ಪ್ರವೇಶದ ಬಗ್ಗೆ ರಾಜ್ಯಗಳು ರಸ್ತೆ ಸುರಕ್ಷತೆಗಾಗಿ ನಿಯಮ ಮಾಡಬಹುದು. ರಾಷ್ಟ್ರೀಯ ಹೆದ್ದಾರಿಯಾದರೆ ಹೆದ್ದಾರಿ ಪ್ರಾಧಿಕಾರದೊಂದಿಗೆ ಸಮಾಲೋಚಿಸಬೇಕು. ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ, ಅಡೆತಡೆಯಿಲ್ಲದ ಕಾಲುಹಾದಿಯನ್ನು ಬಳಸುವ ಹಕ್ಕು ಸಂವಿಧಾನದ 21ನೆಯ ವಿಧಿಯೊಳಗೇ ಬರುತ್ತದೆ ಎಂದು ಹೇಳಿತು. ಅದೇ ವರ್ಷದ ಅಕ್ಟೋಬರಿನಲ್ಲಿ, ಈ 138(1ಎ) ಅಡಿಯ ನಿಯಮಗಳನ್ನು ಆರು ತಿಂಗಳಲ್ಲಿ ಮಾಡಿ ಎಂದು ರಾಜ್ಯಗಳಿಗೆ ಸೂಚಿಸಿತು.

ಆ ಉಪವಿಧಿಯಲ್ಲಿರುವ 'ಪಾದಚಾರಿಗಳ ಚಟುವಟಿಕೆ' ಎಂಬ ಮಾತನ್ನು ನಾವು ಗಟ್ಟಿಯಾಗಿ ಹಿಡಿದುಕೊಂಡೆವು. ಅದರಲ್ಲಿ ತಪ್ಪಿನ ವಾಸನೆಯಿಲ್ಲ. ನಡೆಯುವುದು, ನಿಲ್ಲುವುದು, ಕಾಯುವುದು, ದಾಟುವುದು, ಹೊರೆ ಹೊತ್ತು ಸಾಗುವುದು ಎಲ್ಲವೂ ಅದರೊಳಗೆ ಬರುತ್ತದೆ.

ತೂಕವಿರುವ ಇನ್ನೊಂದು ಸಂಗತಿಯಿದೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ 32,825 ಜನ ಪಾದಚಾರಿಗಳು. ಐವರಲ್ಲಿ ಒಬ್ಬರು ಎನ್ನಬಹುದು. ಇಷ್ಟು ಜನರ ಸಾವನ್ನು ಅವರವರ ಅಜಾಗರೂಕತೆ ಎಂದು ಬರೆದುಕೊಂಡರೆ ರಸ್ತೆ ಕಟ್ಟಿದವರ ಪಾಲಿಗೆ ಯಾವ ಕೆಲಸವೂ ಉಳಿಯುವುದಿಲ್ಲ.

ಅಪಘಾತ

ಸೂಚನಾಪತ್ರ ಬಂದ ಕೆಲವು ವಾರಗಳಲ್ಲೇ, ಮಳೆಗಾಲದ ಒಂದು ಮುಸ್ಸಂಜೆ, ಮಂಗಳೂರಿನ ಆಸ್ಪತ್ರೆಯಿಂದ ಮರಳಿದ ಹೆಂಗಸೊಬ್ಬರು ಪೂರ್ವದ ಬದಿಯಲ್ಲಿ ಬಸ್ಸಿನಿಂದಿಳಿದು ಕಿಂಡಿಯ ಕಡೆ ನಡೆದರು. ಮನೆ ಪಶ್ಚಿಮದಲ್ಲಿ. ವಿಭಜಕದವರೆಗೆ ಬಂದಿದ್ದರು. ಎರಡನೆಯ ಅರ್ಧವನ್ನು ದಾಟುವಾಗ ಕಾರು ಬಡಿಯಿತು. ಸೊಂಟದ ಮೂಳೆ ಮುರಿಯಿತು. ಕಾರಿನವನು ನಿಂತ, ತಾನೇ ಆಸ್ಪತ್ರೆಗೆ ಕರೆದೊಯ್ದ. ಅವನ ಮೇಲೆ ಊರಿನಲ್ಲಿ ಯಾರಿಗೂ ದ್ವೇಷವಿಲ್ಲ.

ಈ ಅಪಘಾತವನ್ನು ಅರ್ಥ ಮಾಡಿಕೊಳ್ಳಲು ಸಣ್ಣದೊಂದು ಲೆಕ್ಕ ಸಾಕು. ಒಂದು ದಿಕ್ಕಿನ ಮೂರು ಪಥಗಳ ಅಗಲ 10.5 ಮೀಟರ್. ಎಂಜಿನಿಯರರು ಸಾಮಾನ್ಯವಾಗಿ ನಡಿಗೆಯ ವೇಗವನ್ನು ಸೆಕೆಂಡಿಗೆ 1.2 ಮೀಟರ್ ಎಂದು ಹಿಡಿಯುತ್ತಾರೆ. ಆ ವೇಗದಲ್ಲಿ ದಾಟಲು ಒಂಬತ್ತು ಸೆಕೆಂಡು ಹತ್ತಿರ ಬೇಕು. ಗಂಟೆಗೆ 100 ಕಿಲೋಮೀಟರ್ ವೇಗದ ಕಾರು ಅಷ್ಟರಲ್ಲಿ 240 ಮೀಟರಿಗಿಂತ ಹೆಚ್ಚು ದೂರ ಬರುತ್ತದೆ. ಮಂಡಿನೋವಿನ ಮುದುಕಿ ಸೆಕೆಂಡಿಗೆ 0.8 ಮೀಟರ್ ನಡೆದರೆ ದಾಟಲು 13 ಸೆಕೆಂಡು. ಕಾರು ಬರುವ ದೂರ 360 ಮೀಟರ್. ಅಂದರೆ ಆಕೆ ಹೆಜ್ಜೆಯಿಡುವಾಗ ಒಂದೂಮುಕ್ಕಾಲು ಫರ್ಲಾಂಗಿಗಿಂತಲೂ ಆಚೆ ಇರುವ, ಮಳೆಯಲ್ಲಿ ಎರಡು ಬೆಳಕಿನ ಚುಕ್ಕಿಗಳಾಗಿ ಮಾತ್ರ ಕಾಣುವ ವಾಹನದ ವೇಗವನ್ನು ಸರಿಯಾಗಿ ಅಂದಾಜಿಸಬೇಕು. ಮನುಷ್ಯರ ಕಣ್ಣು ಇದಕ್ಕೆ ಒಗ್ಗಿದ್ದಲ್ಲ. ಇದೇ ಕಾರಣಕ್ಕೆ ಕಿಂಡಿಯನ್ನು ಹಾಗೇ ಬಿಡಿ ಎಂಬ ಬೇಡಿಕೆಯನ್ನು ನಾನು ಒಪ್ಪಲಿಲ್ಲ. ಊರಿನ ಕೆಲವು ಯುವಕರು ಹಾಗೆ ವಾದಿಸಿದ್ದರು. ಆರು ಪಥಗಳ ಹೆದ್ದಾರಿಯನ್ನು ನೆಲಮಟ್ಟದಲ್ಲಿ ದಾಟಲು ಬಿಡುವುದು ಜೀವದ ಜೊತೆ ಚೆಲ್ಲಾಟ ಎಂದು ಎಂಜಿನಿಯರರು ಹೇಳುವುದು ನಿಜ. ಅವರ ಅರ್ಧ ಮಾತು ನಿಜ. ಉಳಿದ ಅರ್ಧವನ್ನು, ಅಂದರೆ ಬೇರೆ ದಾರಿ ಮಾಡಿಕೊಡುವುದನ್ನು, ಅವರು ಮಾಡಬೇಕಿತ್ತು.

ದಾಖಲೆಯಲ್ಲಿ ಬಿದ್ದ ವಾಕ್ಯ ಹೀಗಿತ್ತು: ಗಾಯಾಳು ಪಾದಚಾರಿಗಳಿಗೆ ಅವಕಾಶವಿಲ್ಲದ ಸ್ಥಳದಲ್ಲಿ ಹಠಾತ್ತನೆ ರಸ್ತೆಗೆ ಅಡ್ಡ ಬಂದರು. ಪರಿಹಾರದ ದಾವೆಯಲ್ಲಿ ಈ 'ಹಠಾತ್ತನೆ'ಗೆ ಬೆಲೆಯಿದೆ. ಗಾಯಗೊಂಡವರ ಅಜಾಗರೂಕತೆಯೂ ಸೇರಿದೆ ಎಂದು ನ್ಯಾಯಮಂಡಳಿ ಭಾವಿಸಿದರೆ, ಆ ಪಾಲಿನಷ್ಟು ಪರಿಹಾರ ಕಡಿಮೆಯಾಗುತ್ತದೆ. ಎದುರು ಪಕ್ಷದವರು ತಂಗುದಾಣದ ಸೂಚನಾಪತ್ರದ ಫೋಟೊವನ್ನೂ ಲಗತ್ತಿಸಿದರು. ಜೇವಾಕಿಂಗ್ ಎಂಬ ಪದ ಕಾಯ್ದೆಯಲ್ಲಿ ಇಲ್ಲದಿದ್ದರೂ ಹೀಗೆ ಹಿಂಬಾಗಿಲಿನಿಂದ ಒಳಗೆ ಬಂತು.

ಅರ್ಜಿ ಮತ್ತು ಎಣಿಕೆ

ಮೊದಲ ಅರ್ಜಿ ಊರಿನವರ ಸಹಿಗಳೊಂದಿಗೆ ಹೋಗಿತ್ತು. ಅದರ ವಿಷಯದ ಸಾಲಿನಲ್ಲಿ ಸೂಚನಾಪತ್ರದ ಪದವೇ ಇತ್ತು: 'ಜೇವಾಕಿಂಗ್ ಸಮಸ್ಯೆಯ ಬಗ್ಗೆ'. ಬಂದ ಉತ್ತರ ಒಂದೇ ಸಾಲು. ಆ ಕಾಗದ ಕಾನೂನು ಪಾಲನೆ ನೋಡುವವರ ಮೇಜಿಗೆ ಹೋಗಿ, ಜಾಗೃತಿ ಶಿಬಿರ ಮಾಡಲಾಗುವುದು ಎಂಬ ಭರವಸೆಯೊಂದಿಗೆ ಮುಗಿದುಹೋಯಿತು. ಅಚ್ಚರಿಯೇನಿಲ್ಲ. ತಪ್ಪು ಎಂದು ಹೆಸರಿಟ್ಟರೆ ಕಾಗದ ತಪ್ಪು ಹಿಡಿಯುವವರ ಬಳಿಗೇ ಹೋಗುತ್ತದೆ. ನಮಗೆ ಬೇಕಿದ್ದದ್ದು ಅದು ನಕ್ಷೆ ಬಿಡಿಸುವವರ ಮೇಜಿಗೆ ಹೋಗುವುದು.

ಎರಡನೆಯ ಅರ್ಜಿಯ ವಿಷಯದ ಸಾಲನ್ನು ಹೀಗೆ ಬರೆದೆವು: 'ಹೆದ್ದಾರಿಯಿಂದ ಕಡಿದುಹೋದ ಕಾಲುದಾರಿಯಲ್ಲಿ ಪಾದಚಾರಿ ಸಂಚಾರದ ಪ್ರಮಾಣ ಮತ್ತು ದಾಟುವ ಸೌಲಭ್ಯದ ಅಗತ್ಯ'. ಸಂಚಾರ ಎಂದ ಕೂಡಲೇ ಅದನ್ನು ಅಳೆಯಬೇಕಾಗುತ್ತದೆ. ಅಳೆಯಲು, ರಸ್ತೆ ಎಂಜಿನಿಯರರ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯಿದೆ: ಐಆರ್‌ಸಿ 103. ಇದು 1988ರಲ್ಲಿ ಬಂತು, ಅನಂತರ ಪರಿಷ್ಕರಣೆಯಾಗಿದೆ. ಎಲ್ಲಿ ಪಾದಚಾರಿಗಳಿಗೆ ದಾಟುಪಟ್ಟಿ ಬೇಕು ಎಂದು ನಿರ್ಧರಿಸಲು 1988ರ ಆವೃತ್ತಿ ಕೊಟ್ಟ ಸೂತ್ರ ಎಂಜಿನಿಯರರೆಲ್ಲರಿಗೂ ಗೊತ್ತು. ಜನನಿಬಿಡ ಗಂಟೆಯಲ್ಲಿ ದಾಟುವ ಪಾದಚಾರಿಗಳ ಸಂಖ್ಯೆಯನ್ನು, ಅದೇ ಗಂಟೆಯ ವಾಹನಗಳ ಸಂಖ್ಯೆಯ ವರ್ಗದಿಂದ ಗುಣಿಸಬೇಕು. ವಿಭಜಕವಿಲ್ಲದ ರಸ್ತೆಯಲ್ಲಿ ಗುಣಲಬ್ಧ 10 ಕೋಟಿ ಮುಟ್ಟಿದರೆ, ವಿಭಜಕವಿರುವ ರಸ್ತೆಯಲ್ಲಿ 20 ಕೋಟಿ ಮುಟ್ಟಿದರೆ ದಾಟುಪಟ್ಟಿಗೆ ಆಧಾರ ಸಿಕ್ಕಂತೆ.

ಉದಾಹರಣೆಗೆ, ಹಳೆಯ ಎರಡು ಪಥಗಳ ರಸ್ತೆಯಲ್ಲಿ ಗಂಟೆಗೆ 1000 ವಾಹನ ಹೋಗುತ್ತಿದ್ದರೆ 100 ಜನ ದಾಟಬೇಕಿತ್ತು. ವಿಭಜಕವಿರುವ ರಸ್ತೆಯಲ್ಲಿ ಅಷ್ಟೇ ವಾಹನಗಳಿದ್ದರೆ 200 ಜನ ಬೇಕು. ಆದರೆ ವಾಹನಗಳು 3000 ಆದಾಗ ವರ್ಗ 90 ಲಕ್ಷವಾಗುತ್ತದೆ, ಬೇಕಾಗುವ ಪಾದಚಾರಿಗಳು 23 ಜನ ಮಾತ್ರ. ವಾಹನ ಹೆಚ್ಚಿದಷ್ಟೂ ಕಡಿಮೆ ಜನರ ಅಗತ್ಯಕ್ಕೂ ಬೆಲೆ ಬರುವಂತೆ ಈ ಸೂತ್ರವನ್ನು ಕಟ್ಟಿದ್ದಾರೆ. ಇದನ್ನು ಗ್ರಾಮಸಭೆಯಲ್ಲಿ ಕರಿಹಲಗೆಯ ಮೇಲೆ ಬರೆದು ತೋರಿಸಿದಾಗ, ಇಷ್ಟು ಹೊತ್ತು ಹಿಂದಿನ ಬೆಂಚಿನಲ್ಲಿದ್ದ, ಕೇರಳದ ಮಹಿಳಾ ಸ್ವಸಹಾಯ ಜಾಲವಾದ ಕುಟುಂಬಶ್ರೀಯ ಹೆಂಗಸರು ಮುಂದೆ ಬಂದು ಕುಳಿತರು. ವಾಹನಗಳ ಸರಾಸರಿ ವೇಗ ಗಂಟೆಗೆ 65 ಕಿಲೋಮೀಟರ್ ಮೀರುವುದು, ವರ್ಷಕ್ಕೆ ಐದು ಅಥವಾ ಹೆಚ್ಚು ಪಾದಚಾರಿಗಳು ಗಾಯಗೊಳ್ಳುವುದು ಕೂಡ ಅದೇ ಮಾರ್ಗಸೂಚಿಯಲ್ಲಿ ಬೇರೆ ಬೇರೆ ಆಧಾರಗಳಾಗಿವೆ. ವಾಹನಗಳ ಹರಿವನ್ನು ತಡೆಯಲಾಗದ ದೊಡ್ಡ ರಸ್ತೆಯಾದರೆ ದಾಟುಪಟ್ಟಿಯ ಬದಲು ಮೇಲ್ಸೇತುವೆಯನ್ನೋ ಸುರಂಗದಾರಿಯನ್ನೋ ಕೊಡಬೇಕೆಂದೂ ಹೇಳಿದೆ.

ಸೂತ್ರದಲ್ಲಿ ಒಂದು ದೊಡ್ಡ ಕೊರತೆಯಿದೆ, ಅದು ಇಂಥ ಊರುಗಳ ಕುತ್ತಿಗೆಗೇ ಬರುತ್ತದೆ. ಅದು ದಾಟುವವರನ್ನು ಎಣಿಸುತ್ತದೆ. ದಾಟಬೇಕಿದ್ದು ದಾಟದವರನ್ನು ಎಣಿಸುವುದಿಲ್ಲ. ಗೋಡೆ ಎದ್ದ ಮೇಲೆ ಎಣಿಸಲು ಹೊರಟರೆ ಸಂಖ್ಯೆ ಇಳಿದಿರುತ್ತದೆ. ಅಜ್ಜಿಯರು ಭಜನೆಗೆ ಹೋಗುವುದನ್ನು ಬಿಟ್ಟಿದ್ದರು. ಮದ್ರಸಕ್ಕೆ ಹೋಗುವ ಚಿಕ್ಕ ಮಕ್ಕಳನ್ನು ತಂದೆಯರು ಬೈಕಿನಲ್ಲಿ ಸುತ್ತುಹಾಕಿ ಬಿಡುತ್ತಿದ್ದರು, ಬೈಕಿಲ್ಲದ ಮನೆಯವರು ಆಟೋದವರಿಗೆ ಹಣ ಕೊಡುತ್ತಿದ್ದರು. ತಲೆಹೊರೆಯ ಮೀನಿನವರು ಮೂಡಣದ ಮನೆಗಳಿಗೆ ಬರುವುದೇ ನಿಂತಿತ್ತು. ಕಿಂಡಿಯ ಬಳಿ ನಿಂತು ಎಣಿಸುವ ಯಾರ ಪಟ್ಟಿಯಲ್ಲೂ ಇವರಿಲ್ಲ. ತೂಗುವ ಮೊದಲೇ ತಕ್ಕಡಿಯಿಂದ ಅರ್ಧ ಅಕ್ಕಿ ತೆಗೆದಿಟ್ಟ ಹಾಗೆ. ಮುಚ್ಚಿದ ದಾರಿಯಲ್ಲಿ ಜನ ಓಡಾಡುವುದಿಲ್ಲ ಎಂಬುದನ್ನೇ ದಾರಿ ಬೇಕಿಲ್ಲ ಎಂಬುದಕ್ಕೆ ಸಾಕ್ಷಿಯಾಗಿ ಬಳಸುವುದು ಅನ್ಯಾಯ. ಇಡೀ ಪ್ರಕರಣದಲ್ಲಿ ನನಗೆ ಅತಿ ಮುಖ್ಯವೆನಿಸಿದ್ದು ಇದು.

ಹಾಗಾಗಿ ಎಣಿಕೆಯನ್ನು ಎರಡು ಹಾಳೆಗಳಲ್ಲಿ ಮಾಡಿದೆವು. ಮೊದಲ ಹಾಳೆ ರಸ್ತೆ ಬದಿಯದು: ಶಾಲೆಯ ಸಮಯ, ಬೀಡಿ ಬ್ರಾಂಚಿನ ಸಮಯ, ಸಂಜೆಯ ಬಸ್ಸುಗಳ ಸಮಯ. ಮಕ್ಕಳು, ಹಿರಿಯರು, ಹೊರೆ ಹೊತ್ತವರು ಎಂದು ಬೇರೆ ಬೇರೆ ಕಾಲಂಗಳು. ದಾಟಲು ಬಂದು, ನಿಂತು, ಹಿಂದಿರುಗಿದವರಿಗೂ ಒಂದು ಕಾಲಂ ಇಟ್ಟೆವು. ಶುಕ್ರವಾರವೂ ರೇಷನ್ ಬರುವ ದಿನವೂ ಎಣಿಕೆಯಲ್ಲಿರಬೇಕೆಂದು ಹೆಂಗಸರು ಹಟ ಹಿಡಿದರು, ಅದು ಸರಿಯೂ ಆಗಿತ್ತು. ಎರಡನೆಯ ಹಾಳೆ ಮನೆಗಳದು. ಪ್ರತಿ ಮನೆಯಲ್ಲೂ ಒಂದೇ ಪ್ರಶ್ನೆ: ಮೊದಲು ನಡೆದು ಹೋಗುತ್ತಿದ್ದ ಯಾವ ಜಾಗಕ್ಕೆ ಈಗ ಹೋಗುತ್ತಿಲ್ಲ, ಅಥವಾ ವಾಹನದಲ್ಲಿ ಹೋಗುತ್ತಿದ್ದೀರಿ? ಉತ್ತರಗಳನ್ನು ಮಲಯಾಳ, ತುಳು, ಕನ್ನಡ, ಬ್ಯಾರಿ ಯಾವ ಭಾಷೆಯಲ್ಲಿ ಹೇಳಿದರೂ ಬರೆದುಕೊಂಡು, ಕೊನೆಗೆ ಕನ್ನಡ ಮತ್ತು ಮಲಯಾಳದಲ್ಲಿ ಅರ್ಜಿಗೆ ಸೇರಿಸಿದೆವು. ಸಂಖ್ಯೆಗಳನ್ನು ಇಲ್ಲಿ ಕೊಡುವುದಿಲ್ಲ. ಅವು ಈಗ ದಾವೆಯ ಕಡತದಲ್ಲಿವೆ.

ಎರಡನೆಯ ಅರ್ಜಿಯ ಮೇಲೆ ಸ್ಥಳ ಪರಿಶೀಲನೆ ನಡೆಯಿತು. ಬಂದ ಎಂಜಿನಿಯರರಲ್ಲಿ ಕಿರಿಯರೊಬ್ಬರು ಮನೆಗಳ ಹಾಳೆಯನ್ನು ಬಹಳ ಹೊತ್ತು ಓದಿದರು. "ಈ ದಾರಿ ನಮ್ಮ ನಕ್ಷೆಯಲ್ಲಿ ಇಲ್ಲ" ಎಂದರು. ನಕ್ಷೆಯಲ್ಲಿ ಪಂಚಾಯತ್ ರಸ್ತೆಗಳಿದ್ದವು, ತೋಡುಗಳಿದ್ದವು. ಗದ್ದೆಯ ಬದುವಿನ ಕಾಲುದಾರಿ ಇರಲಿಲ್ಲ. ಚಕ್ರ ಹೋಗದ ದಾರಿ ದಾರಿಯೆಂದು ದಾಖಲಾಗುವುದಿಲ್ಲ.

ಏನು ಸಿಕ್ಕಿತು, ಏನು ಉಳಿಯಿತು

ಮೊದಲು ಸಿಕ್ಕಿದ್ದು ಸಣ್ಣದು: ಪೂರ್ವ ಬದಿಯ ಬಸ್ ನಿಲುಗಡೆಯನ್ನು ಅಂಡರ್‌ಪಾಸಿನ ಹತ್ತಿರಕ್ಕೆ ಸರಿಸಿದರು. ಇದರಿಂದ ಬಸ್ಸಿನವರ ತೊಂದರೆ ಕಡಿಮೆಯಾಯಿತು, ರೇಷನ್ನಿನವರದು ಹಾಗೇ ಉಳಿಯಿತು. ಕಿಂಡಿಯನ್ನು ಮುಚ್ಚಿದರು. ಸೂಚನಾಪತ್ರವನ್ನು ತೆಗೆದು ಹೊಸದನ್ನು ಅಂಟಿಸಿದರು. ಅದರಲ್ಲಿ ಜೇವಾಕಿಂಗ್ ಇಲ್ಲ, ಪಾದಚಾರಿಗಳು ಅಂಡರ್‌ಪಾಸನ್ನು ಬಳಸಬೇಕೆಂಬ ವಿನಂತಿಯಿದೆ, ಬಾಣದ ಗುರುತೂ ದೂರವೂ ಇದೆ. ಕಾಲುದಾರಿಯ ನೇರಕ್ಕೆ ಪಾದಚಾರಿ ಮೇಲ್ಸೇತುವೆಯ ಪ್ರಸ್ತಾವ ಪರಿಶೀಲನೆಯಲ್ಲಿದೆ ಎಂದು ಲಿಖಿತವಾಗಿ ಬಂದಿದೆ.

ಮೇಲ್ಸೇತುವೆ ಬಂದರೂ ಎಲ್ಲ ಮುಗಿಯುವುದಿಲ್ಲ. ಲಾರಿಗಳಿಗೆ ಕೆಳಗೆ ಐದೂವರೆ ಮೀಟರ್ ಎತ್ತರ ಬಿಡಬೇಕು, ಅದರ ಮೇಲೆ ಸೇತುವೆಯ ದಪ್ಪ. 15 ಸೆಂಟಿಮೀಟರಿನ ಮೆಟ್ಟಿಲುಗಳಾದರೆ ಏರಲು ನಲವತ್ತು, ಇಳಿಯಲು ನಲವತ್ತು. ಬೀಡಿಯ ಬುಟ್ಟಿ ಹೊತ್ತ ಅರುವತ್ತರ ಹೆಂಗಸು ಇದನ್ನು ಹತ್ತುವುದಿಲ್ಲ, ಅಂಡರ್‌ಪಾಸಿಗೆ ನಡೆಯುತ್ತಾರೆ ಅಥವಾ ಮನೆಯಲ್ಲೇ ಉಳಿಯುತ್ತಾರೆ. ಇಳಿಜಾರು ದಾರಿ ಅಥವಾ ಲಿಫ್ಟ್ ಬೇಕೆಂದು ಮೂರನೆಯ ಅರ್ಜಿಯಲ್ಲಿ ಕೇಳಿದ್ದೇವೆ. ಹೆದ್ದಾರಿ ಎತ್ತರಿಸಿದ ಮಣ್ಣಿನ ಮೇಲೆ ಹೋಗುವಲ್ಲಿ ಪಾದಚಾರಿ ಸುರಂಗದಾರಿಯೇ ಲೇಸು ಎಂಬುದು ನನ್ನ ಅಭಿಪ್ರಾಯ. ಆದರೆ ವರ್ಷಕ್ಕೆ 3000 ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿಯುವ ಜಿಲ್ಲೆಯಲ್ಲಿ ನೀರು ಹರಿದುಹೋಗುವ ವ್ಯವಸ್ಥೆಯಿಲ್ಲದೆ ಅದನ್ನು ಕಟ್ಟಿದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ತೋಡಾಗುತ್ತದೆ. ರಾತ್ರಿ ದೀಪವಿಲ್ಲದಿದ್ದರೆ ಕಾಲೇಜಿನಿಂದ ಮರಳುವ ಹುಡುಗಿಯರು ಅದರೊಳಗೆ ಕಾಲಿಡುವುದಿಲ್ಲ.

ಅಪಘಾತದಲ್ಲಿ ಗಾಯಗೊಂಡ ಹೆಂಗಸು ಈಗ ಊರುಗೋಲು ಹಿಡಿದು ನಡೆಯುತ್ತಿದ್ದಾರೆ. ಅವರ ದಾವೆಯಲ್ಲಿ ವಕೀಲರು ನಮ್ಮ ಎರಡು ಹಾಳೆಗಳನ್ನೂ ಕಾಲುದಾರಿಯ ಹಳೆಯ ಫೋಟೊಗಳನ್ನೂ ಹಾಜರುಪಡಿಸಿದ್ದಾರೆ. ಆ ಸ್ಥಳದಲ್ಲಿ ಜನ ದಾಟುವುದು ರಸ್ತೆ ಕಟ್ಟಿದವರಿಗೆ ಗೊತ್ತಿತ್ತು, ನಡೆದು ತಲುಪಬಲ್ಲ ದೂರದಲ್ಲಿ ಬೇರೆ ದಾರಿಯಿರಲಿಲ್ಲ, ಆದ್ದರಿಂದ 'ಹಠಾತ್ತನೆ ಅಡ್ಡ ಬಂದರು' ಎಂಬ ಮಾತು ನಿಲ್ಲುವುದಿಲ್ಲ ಎಂಬುದು ಅವರ ವಾದ. ಮುಂದಿನ ವಿಚಾರಣೆಯಲ್ಲಿ ಎಣಿಕೆ ಮಾಡಿದ ಇಬ್ಬರು ಕುಟುಂಬಶ್ರೀ ಸದಸ್ಯೆಯರು ಸಾಕ್ಷಿ ಹೇಳಲಿದ್ದಾರೆ.